ಮೂಕಿ ತುದಿಯ ಕ್ಯಾಮೆರಾ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ಮನೆಯವರು ಬಿಡಿಸಲಿಲ್ಲ, ಮೇಷ್ಟ್ರು ಓಡಿಸಲಿಲ್ಲ. ಕೊಳ್ಳೇಗಾಲದಲ್ಲಿ ಶಾಲೆಗೆ ಹೋಗುವ ದಾರಿಯಲ್ಲೇ ಒಂದು ವೆಲ್ಡಿಂಗ್ ಶೆಡ್ಡು ಇತ್ತು. ಅಲ್ಲಿ ಹಾರುವ ಕಿಡಿ ನೋಡುತ್ತ ನಿಂತು ದಿನಾ ಶಾಲೆಗೆ ತಡವಾಗುತ್ತಿತ್ತು. ಒಂದು ದಿನ, ಇನ್ನು ತಡ ಮಾಡಿಕೊಳ್ಳುವುದೇ ಬೇಡ ಎಂದು ಅಲ್ಲೇ ಉಳಿದುಬಿಟ್ಟೆ. ಈಗ ಆ ಶೆಡ್ಡು ನನ್ನದು. ಯಾರ ಕಾಲನ್ನೂ ಹಿಡಿಯದೆ ನನ್ನದಾಯಿತು ಎಂದು ಹೇಳಿಕೊಳ್ಳುವುದರಲ್ಲಿ ನನಗೆ ನಾಚಿಕೆಯಿಲ್ಲ. ಸ್ವಲ್ಪ ಜಂಬವೇ ಇದೆ ಎಂದು ನಮ್ಮಕ್ಕ ಹೇಳುತ್ತಾಳೆ. ಇರಲಿ.

ನಿನ್ನೆ ಹನೂರಿನಿಂದ ಒಬ್ಬ ಬಂದಿದ್ದ. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಸುತ್ತಲಿನ ಕಬಡ್ಡಿ ಪಂದ್ಯಗಳ ವಿಡಿಯೊ ತೆಗೆಯಬೇಕೆಂದು ಅವನಿಗೆ ಆಸೆ.

"ಅಣ್ಣ, ಕಮ್ಮಿ ದುಡ್ಗೆ ಮೊದಲ್ನೇ ಕ್ಯಾಮ್ರಾ ಯಾವ್ದು ತಕಬೋದು? ಎಲ್ರೂ ನಿಮ್ಮನ್ನೇ ಕೇಳು ಅಂದ್ರು."

ಕಬ್ಬಿಣ ಸುಡುವವನನ್ನು ಕ್ಯಾಮೆರಾ ಬಗ್ಗೆ ಯಾಕೆ ಕೇಳುತ್ತಾರೆಂದು ನಿಮಗೆ ಆಶ್ಚರ್ಯವಾಗಬಹುದು. ನಾನು ಬಾಯಲ್ಲಿ ಉತ್ತರ ಹೇಳದೆ, ಬೆಂಚಿನ ಕೆಳಗಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಕಾಲಿನಿಂದ ಈಚೆಗೆ ಎಳೆದು ಮುಚ್ಚಳ ತೆಗೆದೆ. ಗುಪ್ಪೆಂದು ವಾಸನೆ ಬಂತು. ಹರಳೆಣ್ಣೆ, ಒಣ ಮಣ್ಣು, ಎತ್ತಿನ ಮೈ, ಹಳೆಯ ಬೆವರು, ಎಲ್ಲ ಸೇರಿದ ವಾಸನೆ. ಒಳಗೆ ಕೆಂಪು ಅಂಚಿನ ಬಿಳಿ ಟವಲು. ಟವಲಿನೊಳಗೆ, ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟೇ ಇರುವ ಕ್ಯಾಮೆರಾ. ಹುಡುಗ ಕ್ಯಾಮೆರಾ ನೋಡಿದ. ನನಗೆ ಟವಲಿನ ವಾಸನೆ ಮೂಗಿಗೆ ಹತ್ತಿ, ಮನಸ್ಸು ಧನಗೆರೆಗೆ ಹೋಗಿ ಕೂತಿತು.

ಧನಗೆರೆ ನಮ್ಮಕ್ಕನನ್ನು ಕೊಟ್ಟ ಊರು. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಜೋಡೆತ್ತಿನ ಗಾಡಿ ಓಟದವರು. ನೀವು ನೋಡಿರದಿದ್ದರೆ ಎರಡು ಮಾತು ಹೇಳಿಬಿಡುತ್ತೇನೆ. ಕೊಯ್ಲಾದ ಬಯಲಿನಲ್ಲಿ ಎರಡು ಹಾದಿ ಮಾಡಿ ಸುಣ್ಣದ ಗೆರೆ ಎಳೆದಿರುತ್ತಾರೆ. ಒಂದೊಂದು ಹಾದಿಗೆ ಒಂದೊಂದು ಹಗುರ ಗಾಡಿ. ಚಾಟಿ ಹಿಡಿಯುವಂತಿಲ್ಲ. ಬಾಯಲ್ಲೇ ಓಡಿಸಬೇಕು. ಗೆರೆ ದಾಟಿದರೆ, ಎಷ್ಟೇ ಮುಂದಿದ್ದರೂ ಔಟು. ಭಾವನ ಗಾಡಿಯ ಚೌಕಟ್ಟು ಬೆಸೆದಿದ್ದು ನಾನೇ. ಅದಕ್ಕಾಗಿ ಪ್ರತಿ ಓಟಕ್ಕೂ ಹೋಗುತ್ತಿದ್ದೆ, ಬೆಸುಗೆ ಬಿಟ್ಟೀತೆಂಬ ಭಯಕ್ಕೆ ಸ್ವಲ್ಪ, ಊಟಕ್ಕೆ ಸ್ವಲ್ಪ.

ಭಾವನ ಎತ್ತುಗಳಿಗೆ ದೊಡ್ಡ ಹೆಸರೇನೂ ಇರಲಿಲ್ಲ. ಬಲಗಡೆಯದು ದೊಡ್ಡೋನು, ಎಡಗಡೆಯದು ಚಿಕ್ಕೋನು. ಚಿಕ್ಕೋನು ಮನೆಯಲ್ಲೇ ಹುಟ್ಟಿದವನು, ಅಕ್ಕನ ಸೆರಗು ಅಗಿದು ಬೆಳೆದವನು. ಏಳೆಂಟು ವರ್ಷದ ಹಿಂದೆ, ನಾನು ಹೇಳುತ್ತಿರುವ ಕಾಲಕ್ಕೆ, ಈ ಚಿಕ್ಕೋನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಮುಕ್ಕಾಲು ಹಾದಿ ಬಾಣದ ಹಾಗೆ ಓಡುತ್ತಿದ್ದ. ಇನ್ನೇನು ಗುರಿ ಬಂತು, ಜನ ಕೂಗುತ್ತಿದ್ದಾರೆ ಎನ್ನುವಾಗ ಎಡಕ್ಕೆ ಸೆಳೆದು ಗೆರೆ ದಾಟಿಬಿಡುತ್ತಿದ್ದ. ಊರ ಕೆರೆಯಂಗಳದಲ್ಲಿ ಅಭ್ಯಾಸಕ್ಕೆ ಓಡಿಸಿದರೆ ಹೀಗೆ ಮಾಡುತ್ತಲೇ ಇರಲಿಲ್ಲ. ಪಂದ್ಯದಲ್ಲಿ ಮಾತ್ರ.

ಜನಕ್ಕೆ ಕಾರಣ ಹೇಳಲು ಏನು ಬೇಕು? ಕೆಲವರು ಕಣ್ಣು ದೃಷ್ಟಿ ಎಂದರು. ಕೆಲವರು ಎತ್ತಿಗೆ ಜನ ಕಂಡರಾಗದು ಎಂದರು. ಎತ್ತಿನ ವ್ಯಾಪಾರದ ದಲ್ಲಾಳಿಯೊಬ್ಬ ಇದ್ದ. ಮೂಳೆ ಮೂಳೆ ಮನುಷ್ಯ, ಆದರೆ ಮಾತಿನಲ್ಲಿ ಮೆತ್ತಗೆ. ಅವನು ಚಿಕ್ಕೋನ ಕತ್ತಿನಡಿ ಜೋಲುವ ಗಂಗೆದೊಗಲು ಎತ್ತಿ ನೋಡಿ, "ಕೂದ್ಲು ಸುಳಿ ನೆಟ್ಗಿಲ್ಲ ಕಣಪ್ಪೋ. ಮನೇಲಿ ಮಡಿಕಬ್ಯಾಡ. ದೊಡ್ಡೋನ್ಗೆ ಬ್ಯಾರೆ ಜೊತೆ ನಾನ್ ತಂದ್ಕೊಡ್ತೀನಿ" ಎಂದ.

ಭಾವ ಸುಳಿ ನಂಬುವವರೇ. ಆದರೂ ಚಿಕ್ಕೋನನ್ನು ಮಾರುವುದೆಂದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಒಂದು ಸಂಜೆ ನನ್ನ ಶೆಡ್ಡಿಗೆ ಬಂದು ಕೂತರು.

"ಬಂಡಳ್ಳಿ ಓಟ ಒಂದು ನೋಡ್ತೀನಿ ಕಣ್ಲಾ. ಅಲ್ಲೂ ಗೆರೆ ದಾಟುದ್ರೆ ಕೊಟ್ಬುಡ್ತೀನಿ."

"ಯಾಕ್ ದಾಟ್ತಾನೆ ಅಂತ ಗೊತ್ತಾಗ್ಬ್ಯಾಡ್ವಾ ಬಾವ?"

"ನಂಗೆಂಗ್ಲಾ ಗೊತ್ತಾಯ್ತದೆ? ಗಾಡಿ ಮ್ಯಾಲೆ ಕುಂತೋನ್ಗೆ ಕಾಣೋದು ಅವುಗಳ ಬಾಲ. ಇಷ್ಟ್ ವರ್ಸ ಓಡ್ಸಿವ್ನಿ, ಓಡೋವಾಗ ನನ್ ಎತ್ತಿನ ಮೊಕ ಎಂಗಿರ್ತದೆ ಅಂತ ನಾನೇ ನೋಡಿಲ್ಲ."

ಆ ಮಾತು ನನ್ನನ್ನು ಹಿಡಿದುಕೊಂಡಿತು. ಎಲ್ಲರೂ ನೋಡಿರುವುದನ್ನು ಇವರೊಬ್ಬರೇ ನೋಡಿಲ್ಲವಲ್ಲ! ಅಂದೇ ತೀರ್ಮಾನ ಮಾಡಿದೆ, ಒಂದು ವಿಡಿಯೊ ಕ್ಯಾಮೆರಾ ಆಗಬೇಕು.

ಕ್ಯಾಮೆರಾ ಆರಿಸುವುದು ಹೇಗೆ? ನಾನು ಕಬ್ಬಿಣದವನು. ತೂಕ ಇದ್ದದ್ದು ಗಟ್ಟಿ, ಗಟ್ಟಿ ಇದ್ದದ್ದು ಒಳ್ಳೆಯದು, ಇದು ನನ್ನ ಲೆಕ್ಕ. ಪೇಟೆಯ ಸ್ಟುಡಿಯೋದವನು ಮದುವೆಗೆ ಒಯ್ಯುವ ಹಳೆಯ ಕ್ಯಾಮೆರಾ ಒಂದನ್ನು ಮಾರಬೇಕೆಂದಿದ್ದ. ಹೆಗಲ ಮೇಲೆ ಇಟ್ಟರೆ ಸಿಮೆಂಟು ಇಟ್ಟಿಗೆ ಇಟ್ಟ ಹಾಗಿತ್ತು. ಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಜೂಮು ಎಷ್ಟು ಪಟ್ಟು ಎಂದು ಬರೆದಿತ್ತು. ಒಂದು ದಿನ ನೋಡಿ ಕೊಡುತ್ತೇನೆಂದು ತೆಗೆದುಕೊಂಡು ಹೋಗಿ, ಹನೂರಿನ ಕಡೆ ನಡೆದ ಬೇರೆಯವರ ಓಟವೊಂದನ್ನು ಹಿಡಿದೆ. ಬಯಲಿನ ತುದಿಯಲ್ಲಿ ನಿಂತು, ದೂರದ ಎತ್ತುಗಳನ್ನು ಜೂಮಿನಲ್ಲಿ ಹತ್ತಿರಕ್ಕೆ ಎಳೆದುಕೊಂಡೆ. ಎಷ್ಟು ಹೆಮ್ಮೆ ನನಗೆ! ಪಕ್ಕದವರಿಗೆ ಸ್ವಲ್ಪ ಸರಿಯಿರಿ ಎಂದು ಕೂಡ ಹೇಳಿದೆ.

ಮಾರನೆಯ ದಿನ ಅಕ್ಕನ ಮನೆಯ ಟಿವಿಗೆ ತಗುಲಿಸಿದರೆ ಕಂಡದ್ದೇನು? ಆಕಾಶ. ಆಮೇಲೆ ಧೂಳು. ಧೂಳಿನೊಳಗೆ ಒಂದು ಬಾಲ ಬಂದು ಹೋಯಿತು. ಆಮೇಲೆ ತುಂಬಾ ಹೊತ್ತು ಒಬ್ಬರ ಪಂಚೆ.

"ಯಾರ್ ಪಂಚೇಲಾ ಅದು? ವಸಿ ಒಗೆಯಕ್ ಯೋಳು," ಎಂದಳು ಅಕ್ಕ. ಪಕ್ಕದ ಮನೆಯವರನ್ನೂ ಕರೆದು ತೋರಿಸಿದಳು. ಭಾವ ಮಾತ್ರ ನಗದೆ, "ಬಾಮೈದ, ಎತ್ತು ಎಲ್ಲಿ?" ಎಂದರು. ಜೂಮು ಹೆಚ್ಚಾದಷ್ಟೂ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ ಎನ್ನುವುದನ್ನು ಆ ಪಂಚೆ ನನಗೆ ಕಲಿಸಿತು. ಕ್ಯಾಮೆರಾ ವಾಪಸ್ ಕೊಟ್ಟು ಬಂದೆ.

ಆಗ ನೆನಪಾದವರು ಯಳಂದೂರಿನ ಪಿ.ಟಿ. ಮೇಷ್ಟ್ರು. ಅವರ ಶಾಲೆಗೆ ಹೈಜಂಪಿನ ಕಂಬ, ಖೋಖೋ ಕಂಬ ಎಲ್ಲ ಮಾಡಿಕೊಟ್ಟವನು ನಾನು. ಮೇಷ್ಟ್ರಿಗೆ ಬೈಕಿನ ಹುಚ್ಚು. ಹೂಗ್ಯಂ ಕಡೆಯ ಕಾಡಿನ ರಸ್ತೆಯಲ್ಲಿ ಹೆಲ್ಮೆಟ್ಟಿಗೆ ಸಣ್ಣ ಕ್ಯಾಮೆರಾ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಒಮ್ಮೆ ಬಿದ್ದು ಕಾಲರ್ ಮೂಳೆ ಮುರಿದ ಮೇಲೆ, ಮನೆಯಾಕೆ ಬೈಕಿನ ಕೀಲಿ ತಾವೇ ಇಟ್ಟುಕೊಂಡಿದ್ದರು. ಕ್ಯಾಮೆರಾ ಸುಮ್ಮನೆ ಬಿದ್ದಿತ್ತು.

ಭಾವನನ್ನೂ ಕರೆದುಕೊಂಡು ಹೋದೆ. ಮೇಷ್ಟ್ರು ಕಾಫಿ ಕೊಟ್ಟು, ಆ ಪುಟ್ಟ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಭಾವ ಅದನ್ನು ಎತ್ತಿಕೊಂಡು ಎತ್ತು ನೋಡುವ ಹಾಗೇ ನೋಡತೊಡಗಿದರು. ತಿರುಗಿಸಿದರು, ಬೆನ್ನು ಸವರಿದರು, ಬ್ಯಾಟರಿಯ ಬಾಗಿಲು ತೆಗೆದು ಬಾಯಿ ಬಿಡಿಸಿದ ಹಾಗೆ ಒಳಗೆ ಬಗ್ಗಿ ನೋಡಿದರು.

"ಇಷ್ಟೇ ಇಷ್ಟು ಐತಲ್ಲ ಸಾ. ಇದು ಓಟ ಹಿಡಿದಾತಾ?"

"ಅದಕ್ಕೇ ಹಿಡಿಯೋದು," ಎಂದರು ಮೇಷ್ಟ್ರು. "ಓಟ ಹಿಡಿಯೋಕೆ ಜೂಮ್ ಬೇಕಿಲ್ಲ. ದೂರ ನಿಂತು ಎಳೆಯೋದಲ್ಲ, ಹತ್ತಿರ ಹೋಗಿ ಕೂರಬೇಕು. ಗಾಡಿ ಮೇಲೇ ಕೂರಿಸಿ. ಧೂಳಿಗೆ ಈ ಗಾಜಿನ ಗೂಡು ಇದೆ. ಕುಲುಕಾಟ ಒಂದಿಷ್ಟು ತಾನೇ ತಡಕೊಳ್ಳುತ್ತೆ. ಮುಖ್ಯ ಇನ್ನೊಂದಿದೆ. ಇದು ಒಂದು ಸೆಕೆಂಡಿಗೆ ಎಷ್ಟು ಸಲ ಕಣ್ಣು ಬಿಡುತ್ತೆ ಅನ್ನೋದು. ಮಾಮೂಲಿ ಕ್ಯಾಮೆರಾ ಮೂವತ್ತು ಸಲ. ಇದು ನೂರಿಪ್ಪತ್ತು. ನಿಧಾನ ಮಾಡಿ ನೋಡಿದ್ರೆ, ಯಾವುದು ಮೊದಲು ಆಯ್ತು, ಯಾವುದು ಆಮೇಲೆ ಅಂತ ಕಾಣುತ್ತೆ."

ಯಾವುದು ಮೊದಲು, ಯಾವುದು ಆಮೇಲೆ. ನಮಗೆ ಬೇಕಾಗಿದ್ದದ್ದು ಅದೇ. ಎಂಟನೇ ಕ್ಲಾಸಿನಲ್ಲಿ ಇವರಂಥ ಮೇಷ್ಟ್ರು ಸಿಕ್ಕಿದ್ದರೆ ಒಂಬತ್ತನೆಯದಕ್ಕೂ ಹೋಗುತ್ತಿದ್ದೆನೋ ಏನೋ ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಗೆ ನನ್ನ ಶೆಡ್ಡು ನೆನಪಾಗಿ, ಬೇಡ ಎನ್ನಿಸಿತು.

ಬ್ಯಾಟರಿ ಉಬ್ಬಿಲ್ಲ, ಗಾಜಿನಲ್ಲಿ ಗೀರಿಲ್ಲ ಎಂದು ಮೇಷ್ಟ್ರೇ ತೋರಿಸಿಕೊಟ್ಟರು. ಇನ್ನು ಬೆಲೆ. ಮೇಷ್ಟ್ರು ಆರು ಸಾವಿರ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಹೆಗಲಿನ ಟವಲು ತೆಗೆದು ತಮ್ಮ ಬಲಗೈ ಮೇಲೆ ಹೊದಿಸಿ, ಆ ಕೈಯನ್ನು ಮೇಷ್ಟ್ರ ಮುಂದೆ ಚಾಚಿದರು. ನಮ್ಮ ಕಡೆ ದನದ ವ್ಯಾಪಾರ ಆಗುವುದು ಹಾಗೆಯೇ. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಒಂದು ಬೆರಳಿಗೆ ಒಂದು, ಪೂರಾ ಕೈಗೆ ಐದು. ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಮೇಷ್ಟ್ರಿಗೆ ಇದೆಲ್ಲಿ ಗೊತ್ತು? ಏನೋ ಮರ್ಯಾದೆ ಇರಬೇಕೆಂದು ಕೈ ಒಳಗೆ ಹಾಕಿ, ಭಾವನ ಪೂರಾ ಕೈ ಹಿಡಿದು ಚೆನ್ನಾಗಿ ಕುಲುಕಿದರು.

"ಆಯ್ತು ಬುಡಿ ಸಾ," ಎಂದರು ಭಾವ, ತುಂಬಾ ಗಂಭೀರವಾಗಿ. "ಐದ್ಕೇ ಒಪ್ಪುದ್ರಿ. ದೊಡ್ ಮನ್ಸು."

ನಾನು ಅರ್ಥ ಬಿಡಿಸಿ ಹೇಳಿದಾಗ ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಐದಕ್ಕೇ ಕೊಟ್ಟರು.

ಶೆಡ್ಡಿಗೆ ಬಂದು ನನ್ನ ಕೆಲಸ ಶುರುಮಾಡಿದೆ. ನೊಗದಿಂದ ಮುಂದಕ್ಕೆ ಚಾಚಿಕೊಂಡಿರುತ್ತದಲ್ಲ ಮೂಕಿ, ಅದರ ತುದಿಗೆ ಒಂದು ಬಾಗಿದ ಸರಳು ಬೆಸೆದೆ. ಸರಳಿನ ತುದಿಗೆ ಬೈಕಿನ ಹ್ಯಾಂಡಲ್ ಕ್ಲಾಂಪು, ಅದುರದ ಹಾಗೆ ಒಳಗೆ ಸೈಕಲ್ ಟ್ಯೂಬಿನ ತುಂಡು. ಕ್ಯಾಮೆರಾ ಹಿಂದಕ್ಕೆ ಮುಖ ಮಾಡಿ ಕೂತರೆ ಎರಡೂ ಎತ್ತಿನ ಮುಖ, ಅವುಗಳ ನಡುವೆ ಗಾಡಿಯ ಮೇಲಿನ ಭಾವ, ಮೂವರೂ ಕಾಣಬೇಕು. ಕಣ್ಣ ಮುಂದೆ ಹೊಸದೊಂದು ತೂಗಿದರೆ ಎತ್ತು ಬೆದರೀತೆಂದು ಭಾವ ಅದೇ ಜಾಗಕ್ಕೆ ಎರಡು ಖಾಲಿ ಬೆಂಕಿಪೊಟ್ಟಣ ಕಟ್ಟಿ, ಕೆರೆಯಂಗಳದಲ್ಲಿ ಒಂದು ವಾರ ಓಡಿಸಿದರು. ಎತ್ತಿಗೆ ಅಷ್ಟು ಮರ್ಯಾದೆ ಕೊಡುವ ಮನುಷ್ಯ ಅವರು.

ಬಂಡಳ್ಳಿಯ ಓಟ ಬಂತು. ಚಿಕ್ಕೋನು ಗೆರೆ ದಾಟಿದ.

ಎಲ್ಲಿ ದಾಟುತ್ತಿದ್ದನೋ ಅಲ್ಲೇ, ಗುರಿಗೆ ಇನ್ನೇನು ಎನ್ನುವ ಕಡೆ. ಭಾವ ಗಾಡಿಯಿಂದ ಇಳಿದು, ಯಾರ ಕಡೆಯೂ ನೋಡದೆ ಎತ್ತು ಬಿಚ್ಚಿದರು. ದಲ್ಲಾಳಿ ಅಲ್ಲೇ ಇದ್ದ. "ನಾಳೆ ಬೆಳಿಗ್ಗೆ ಬತ್ತೀನಿ," ಎಂದಷ್ಟೇ ಹೇಳಿದ. ಭಾವ ತಲೆ ಆಡಿಸಿದರು.

ಮಾರನೆಯ ದಿನ ಬೆಳಿಗ್ಗೆ ನಾನು ಕೇಬಲ್ ಹಿಡಿದುಕೊಂಡು ಧನಗೆರೆಗೆ ಹೋಗುವಷ್ಟರಲ್ಲಿ ದಲ್ಲಾಳಿ ಬಂದಾಗಿತ್ತು. ಹೊರಗೆ ಜಗಲಿಯ ಮೇಲೆ ಇಬ್ಬರೂ ಕೂತಿದ್ದಾರೆ. ಇಬ್ಬರ ಕೈ ಮೇಲೆ ಅದೇ ಕೆಂಪಂಚಿನ ಟವಲು. ಟವಲಿನ ಕೆಳಗೆ ಬೆರಳುಗಳು ಮೆಲ್ಲಗೆ ಆಡುತ್ತಿವೆ. ನಾಕಾರು ಜನ ಸುಮ್ಮನೆ ನೋಡುತ್ತಿದ್ದಾರೆ. ಚಿಕ್ಕೋನು ಗೂಟದ ಹತ್ತಿರ ಮೆಲುಕು ಹಾಕುತ್ತಿದ್ದಾನೆ.

"ಬಾವ, ವಸಿ ತಡೀರಿ, ಒಂದ್ಸಲ ನೋಡುಮ," ಎಂದೆ.

"ನೋಡೋದೇನ್ಲಾ, ಕಣ್ಣಲ್ಲೇ ನೋಡಿದ್ದಾಯ್ತಲ್ಲ," ಎಂದರು. ತಲೆ ಎತ್ತಲಿಲ್ಲ.

ನಾನೂ ಅಕ್ಕನೂ ಒಳಗೆ ಹೋಗಿ ಟಿವಿಗೆ ತಗುಲಿಸಿದೆವು. ಮೊದಲು ಮಾಮೂಲಿ ಓಟ. ಧೂಳಿನಲ್ಲಿ ಎರಡು ಮುಖ, ಕುಲುಕಾಟ, ಹಠಾತ್ತನೆ ಎಡಕ್ಕೆ ಸೆಳೆತ, ಅಷ್ಟೆ. ಆಮೇಲೆ ನಿಧಾನ ಮಾಡಿದೆ. ಗೊರಸು ನೆಲ ಬಿಟ್ಟು ಮೇಲೇಳುವುದು, ಬಾಯಿಯ ನೊರೆ ದಾರದ ಹಾಗೆ ಹಿಂದಕ್ಕೆ ಹೋಗುವುದು, ದೊಡ್ಡೋನ ಕಿವಿ, ಚಿಕ್ಕೋನ ಕಿವಿ, ಎಲ್ಲ ನೀರಿನೊಳಗಿನ ಹಾಗೆ ಸಾಗುತ್ತಿತ್ತು. ಚಿಕ್ಕೋನ ಕಣ್ಣು ನೆಟ್ಟಗೆ ಮುಂದಕ್ಕೆ.

"ಲೇ, ಅದೇನ್ಲಾ ಮ್ಯಾಲೆ ಆರಾಡ್ತಿರೋದು?" ಎಂದಳು ಅಕ್ಕ.

ಎರಡು ಮುಖಗಳ ನಡುವೆ, ಹಿಂದೆ, ಭಾವನ ಬಲಗೈ ಮೇಲೆದ್ದಿತ್ತು. ಕೈಯಲ್ಲಿ ಟವಲು. ತಲೆಯ ಮೇಲೆ ಒಂದು ಸುತ್ತು ತಿರುಗಿತು. ಆಮೇಲೆ, ಆಮೇಲೆಯೇ, ಚಿಕ್ಕೋನ ಕಿವಿ ಹಿಂದಕ್ಕೆ ಹೊರಳಿತು. ಕಣ್ಣಿನ ಬಿಳಿ ಕಂಡಿತು. ಕತ್ತು ಎಡಕ್ಕೆ ವಾಲಿತು. ಕೊನೆಗೆ ಕಾಲು. ಮತ್ತೆ ಹಾಕಿದೆ. ಟವಲು, ಕಿವಿ, ಕಣ್ಣು, ಕತ್ತು, ಕಾಲು. ಎಷ್ಟು ಸಲ ಹಾಕಿದರೂ ಅದೇ ಸಾಲು.

ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ನನ್ನಪ್ಪ! ಕರುವಾಗಿದ್ದಾಗ ರಾಗಿ ಒಣಾಕಿದ್ ಕಡೆ ಬಾಯಾಕಕ್ ಬರೋನು. ನಾನೇ ಒದ್ದೆ ಟವಲ್ ಬೀಸಿ ಬೀಸಿ ಓಡುಸ್ತಿದ್ನಲ್ಲೋ!"

ಹೇಳಿದವಳೇ ಎದ್ದು ಹೊರಗೆ ಹೋದಳು. ಏನೋ ಕೂಗಿ ಹೇಳುತ್ತಾಳೆಂದುಕೊಂಡೆ. ಕೂಗಲಿಲ್ಲ. ನೇರ ಜಗಲಿಗೆ ಹೋಗಿ, ಆ ಇಬ್ಬರ ಕೈ ಮೇಲಿದ್ದ ಟವಲನ್ನು ಹಿಡಿದು ಎಳೆದುಬಿಟ್ಟಳು.

ನಮ್ಮ ಕಡೆಯವರಲ್ಲದಿದ್ದರೆ ಇದು ಎಂಥ ಕೆಲಸ ಎಂದು ನಿಮಗೆ ತಿಳಿಯದು. ಸ್ನಾನಕ್ಕೆ ಕೂತವರ ತಡಿಕೆ ಕಿತ್ತ ಹಾಗೆ. ಹಗಲು ಬೆಳಕಿನಲ್ಲಿ, ನಾಕಾರು ಜನರ ಮುಂದೆ, ಭಾವನ ಎರಡು ಬೆರಳು ದಲ್ಲಾಳಿಯ ಮುಷ್ಟಿಯೊಳಗೆ. ದಲ್ಲಾಳಿ ಕೈ ಕೊಡವಿಕೊಂಡು ಎದ್ದು ನಿಂತ.

"ಏನವ್ವ ಇದು! ವ್ಯಾಪಾರ್ದ್ ಕೈ ಬಯಲ್ ಮಾಡ್ತಾರಾ? ಎಣ್ಣೆಂಗ್ಸಿಗೆ ವಸಿ ಬುದ್ಧಿ ಬ್ಯಾಡ್ವಾ?"

"ಬುದ್ಧಿ ಆಮೇಲ್ ಯೋಳ್ಕೊಡಿವಂತೆ," ಎಂದಳು ಅಕ್ಕ. ಗಂಡನ ಕಡೆ ತಿರುಗಿ, "ನೀವ್ ಒಳೀಕ್ ಬನ್ನಿ. ನಿಮ್ ಎತ್ತಿಗೇನೂ ಆಗಿಲ್ಲ. ಆಗಿರೋದು ನಿಮ್ ಕೈಗೆ."

ಭಾವ ಒಳಗೆ ಬಂದು ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನು ಮೊದಲಿನಿಂದ ಹಾಕಿದೆ. ದಲ್ಲಾಳಿಯೂ ಬಾಗಿಲಲ್ಲಿ ನಿಂತು ಬಗ್ಗಿ ನೋಡುತ್ತಿದ್ದ. ನಾನು ಟವಲು ಮೇಲೇಳುವ ಜಾಗಕ್ಕೆ ಕಾದು, "ನೋಡಿ, ನೋಡಿ ಬಾವ," ಎನ್ನುತ್ತಿದ್ದೇನೆ. ಅವರು ಅದನ್ನು ನೋಡುತ್ತಲೇ ಇಲ್ಲ. ಎರಡು ಮುಖ ಬಿಟ್ಟು ಅವರ ಕಣ್ಣು ಅಲುಗುತ್ತಿಲ್ಲ. ಮೂಗಿನ ಹೊಳ್ಳೆ ಅರಳಿ, ಕಿವಿ ಮುಂದಕ್ಕೆ ನಿಂತು, ಎರಡೂ ಒಂದೇ ಉಸಿರು ಎಳೆಯುವ ಹಾಗೆ ಓಡಿ ಬರುತ್ತಿವೆ, ನಮ್ಮ ಕಡೆಗೇ.

"ಓಡೋವಾಗ ಇಂಗಿರ್ತಾವ ಇವು?" ಎಂದರು. ಧ್ವನಿ ಬೇರೆ ಯಾರದೋ ಆಗಿತ್ತು.

ಇನ್ನೆರಡು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ಟವಲಿನ ವಿಷಯಕ್ಕೆ ಬಂದರು. "ನಾನಾ? ನಾನೆಲ್ಲಿ ಟವಲ್ ಎತ್ತುದ್ನಲಾ!" ಎಂದರು. ನಿಜವಾಗಿ ಅವರಿಗೆ ಗೊತ್ತೇ ಇರಲಿಲ್ಲ. ಕೆರೆಯಂಗಳದಲ್ಲಿ ಜನ ಇಲ್ಲ, ಕೂಗಿಲ್ಲ, ಕೈ ಏಳುವುದಿಲ್ಲ. ಪಂದ್ಯದಲ್ಲಿ ಗುರಿ ಹತ್ತಿರ ಬಂದು ಜನ ಕೂಗಿದರೆ ಕೈ ತಾನಾಗಿ ಏಳುತ್ತದೆ. ಅಷ್ಟು ಜನ ನೋಡುವವರಿಗೆ ಯಾಕೆ ಹೊಳೆಯಲಿಲ್ಲ ಎನ್ನುತ್ತೀರಾ? ಚಾಟಿ ಇಲ್ಲದ್ದಕ್ಕೆ ಗಾಡಿ ಓಡಿಸುವವರು ಎಲ್ಲರೂ ಟವಲು ಬೀಸುತ್ತಾರೆ. ಎಲ್ಲರೂ ಮಾಡುವುದನ್ನು ಯಾರು ನೋಡುತ್ತಾರೆ? ಎಲ್ಲರ ಕಣ್ಣೂ ಎತ್ತಿನ ಕಾಲ ಮೇಲೆ.

ದಲ್ಲಾಳಿ ಕೊನೆಗೆ, "ಸುಳಿ ಅಂತೂ ನೆಟ್ಗಿಲ್ಲ," ಎಂದು ಗೊಣಗಿದ.

"ಇರ್ಲಿ ಬುಡಣ್ಣ," ಎಂದರು ಭಾವ. "ನಂಗೂ ತಲೇಲಿ ಎರಡು ಸುಳಿ ಅವೆ. ನನ್ನ ಯಾರ್ಗ್ ಮಾರಿಯೆ? ಕಾಪಿ ಕುಡ್ಕಂಡೋಗು."

ಮುಂದಿನ ಓಟ ಯಳಂದೂರಿನ ಕಡೆ. ಗಾಡಿ ಹತ್ತುವ ಮುಂಚೆ ಭಾವ ಹೆಗಲ ಮೇಲಿನ ಟವಲು ತೆಗೆದು ನನ್ನ ಕೈಗೆ ಕೊಟ್ಟರು. ಟವಲಿಲ್ಲದೆ ಮನೆಯ ಹೊಸ್ತಿಲು ದಾಟಿದವರಲ್ಲ ಅವರು. ಅಷ್ಟು ಜನರ ಮುಂದೆ ಬರಿ ಹೆಗಲಲ್ಲಿ ನಿಂತಾಗ, ಎರಡು ಸಲ ಕೈ ತಾನಾಗಿ ಹೆಗಲನ್ನು ತಡಕಿ ಬಂತು. "ಬಾಮೈದ, ಕಳೀಬ್ಯಾಡ," ಎಂದರು. ಗೆದ್ದರೋ ಎಂದು ಕೇಳುತ್ತೀರಿ. ಗೆಲ್ಲಲಿಲ್ಲ, ಎರಡನೆಯವರಾದರು. ಆದರೆ ಚಿಕ್ಕೋನು ಗೆರೆಯ ಒಳಗೆ, ದಾರ ಹಿಡಿದ ಹಾಗೆ ನೆಟ್ಟಗೆ ಬಂದ. ಆ ವಿಡಿಯೊ ಇನ್ನೂ ನನ್ನ ಹತ್ತಿರ ಇದೆ. ಗುರಿ ಹತ್ತಿರ ಬರುತ್ತಲೇ ಭಾವನ ಬಲಗೈ ಮೇಲೇಳುತ್ತದೆ. ತಲೆಯ ಮೇಲೆ ಬರಿಗೈ ಒಂದು ಸುತ್ತು ತಿರುಗುತ್ತದೆ. ಚಿಕ್ಕೋನು ಕಿವಿ ಕೂಡ ಆಡಿಸುವುದಿಲ್ಲ.

ಆಮೇಲೆ ಪ್ರತಿ ಓಟಕ್ಕೂ ಅದೇ ಪದ್ಧತಿ. ಹತ್ತುವಾಗ ಟವಲು ನನ್ನ ಕೈಗೆ, ಇಳಿದ ಮೇಲೆ ವಾಪಸ್. ಸುದ್ದಿ ಹಬ್ಬಿ ಕಬಡ್ಡಿಯವರು, ಕುಸ್ತಿಯವರು, ಕೆಸರಲ್ಲಿ ಬೈಕ್ ಓಡಿಸುವವರು, ಎಲ್ಲರೂ ತಮ್ಮ ಓಟ ಆಟ ಹಿಡಿದುಕೊಡು ಎಂದು ಬಂದರು. ಹಾಗೆ ನಾನು ಕ್ಯಾಮೆರಾದವನೂ ಆದೆ. ಹೋದ ವರ್ಷ ಭಾವನಿಗೆ ಮಂಡಿ ಹಿಡಿದುಕೊಂಡಿತು. ಬಂಡಳ್ಳಿಯ ಬಯಲಿನಲ್ಲೇ ಕೊನೆಯ ಓಟ ಮುಗಿಸಿ, ಇಳಿದು, ಎರಡೂ ಎತ್ತಿನ ಮುಖ ಒಂದೊಂದಾಗಿ ಸವರಿ, ಗಾಡಿ ಊರ ಹುಡುಗರೇ ಹೊಡೆದುಕೊಂಡು ಬರಲಿ ಎಂದು ಬಸ್ಸಿಗೆ ನಡೆದರು. ಟವಲು ಕೇಳಲಿಲ್ಲ. ನಾನೂ ನೆನಪು ಮಾಡಲಿಲ್ಲ. ಈಗ ಅವರ ಹೆಗಲ ಮೇಲೆ ಹೊಸದೊಂದು ಇದೆ, ನೀಲಿ ಅಂಚಿನದು. ಚಿಕ್ಕೋನು ಮುದುಕನಾಗಿ ಕೊಟ್ಟಿಗೆಯಲ್ಲಿದ್ದಾನೆ. ಅಕ್ಕ ಈಗಲೂ ಅವನ ಮುಂದೆ ಬಟ್ಟೆ ಕೊಡವುವುದಿಲ್ಲ, ಹಿತ್ತಲಿಗೆ ಹೋಗಿ ಕೊಡವುತ್ತಾಳೆ.

"ಅಣ್ಣ, ಏನೂ ಯೋಳ್ನಿಲ್ವಲ್ಲ," ಎಂದ ಹನೂರಿನವನು.

ಹೌದು, ಇಷ್ಟು ಹೊತ್ತು ನಾನು ಪೆಟ್ಟಿಗೆಯ ಮುಂದೆ ಕೂತೇ ಇದ್ದೆ. "ಕಬಡ್ಡೀಲಿ ಯಾರ್ ಮೊಕ ನೋಡ್ಬೇಕಪ್ಪ ನಿಂಗೆ?" ಎಂದು ಕೇಳಿದೆ. ಅವನು ತುಂಬಾ ಯೋಚಿಸಿ, ರೈಡರನ್ನು ಹಿಡಿಯೋವಾಗ ಹಿಡಿಯೋನ ಮುಖ ಎಂದ. ಒಳ್ಳೆಯ ಉತ್ತರ. ಹಾಗಾದರೆ ಇದು ಸಾಕು, ಎರಡು ತಿಂಗಳು ಇಟ್ಟುಕೊಂಡು ಹಿಡಿ, ಆಮೇಲೆ ನಿನಗೇ ಗೊತ್ತಾಗುತ್ತದೆ ಎಂದು ಕ್ಯಾಮೆರಾ ಅವನ ಕೈಗೇ ಕೊಟ್ಟೆ. ಕ್ಲಾಂಪನ್ನೂ ಕೊಟ್ಟೆ. ಅವನು ಟವಲಿಗೂ ಕೈ ಹಾಕಿದ, ಸುತ್ತಿಕೊಂಡು ಹೋಗಲು. "ಅದ್ ಬ್ಯಾಡ, ಬ್ಯಾರೆ ಬಟ್ಟೆ ಕೊಡ್ತೀನಿ ತಡಿ," ಎಂದೆ. ಬೆಂಚು ಒರೆಸುವ ಬಟ್ಟೆಯಲ್ಲೇ ಒಂದು ಒಗೆದದ್ದು ಸಿಕ್ಕಿತು.

ಅವನು ಹೋದ ಮೇಲೆ ಟವಲು ಮಡಿಸಿ ಒಳಗಿಟ್ಟು ಮುಚ್ಚಳ ಹಾಕಿದೆ. ಈಗ ನನ್ನ ಹತ್ತಿರ ಇರುವುದು ಒಂದು ಶೆಡ್ಡು, ಎರಡು ವೆಲ್ಡಿಂಗ್ ಮೆಷಿನ್ನು, ಒಂದು ಗ್ರೈಂಡರ್, ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಭಾವನ ಒಂದು ಟವಲು.